ಎಂಟು ತಿಂಗಳಾದರೂ ಇನ್ನೂ ಸರಳೆ ವರಸೆನಾ?

ಚಿಂತಾಮಣಿಯ ನಮ್ಮ ಮನೆ ವರಾಂಡದಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡಲು ಶುರು ಮಾಡಿ 31 ವರ್ಷ ಆಯಿತು. ಮಕ್ಕಳ ಪಾಠದ ಬಗ್ಗೆ ಓದುಗರು ಕೇಳಿದ್ದಕ್ಕೆಲ್ಲ ನೀವು ಉತ್ತರ ಬರೆಯಿರಿ ಅಂತ ಸಂಪಾದಕರು ಹೇಳಿದಾಗ, ನಾಲ್ಕೈದು ಪತ್ರ ಬಂದರೆ ಜಾಸ್ತಿ ಅಂದುಕೊಂಡಿದ್ದೆ. ಒಂದು ಕೈಚೀಲದಷ್ಟು ಬಂದಿವೆ. ಅರ್ಧಕ್ಕರ್ಧ ಪತ್ರಗಳಲ್ಲಿ ಇರುವುದು ಒಂದೇ ಪ್ರಶ್ನೆ: ಹಾಡು ಯಾವಾಗ ಹೇಳಿಕೊಡುತ್ತೀರಿ? ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ಮೇಡಂ, ನಮ್ಮ ಮಗಳಿಗೆ ಆರು ವರ್ಷ. ಎಂಟು ತಿಂಗಳಿಂದ ಸಂಗೀತಕ್ಕೆ ಕಳಿಸುತ್ತಿದ್ದೇವೆ. ಇನ್ನೂ ಸ ರಿ ಗ ಮ ಬಿಟ್ಟು ಮುಂದಕ್ಕೆ ಹೋಗಿಲ್ಲ. ಪುಸ್ತಕದಲ್ಲಿ ಒಂದಕ್ಷರ ಬರೆಸಿಲ್ಲ. ಪಕ್ಕದ ಮನೆ ಹುಡುಗಿ ಬೇರೆ ಕಡೆ ಹೋಗುತ್ತಾಳೆ, ನಾಲ್ಕೇ ತಿಂಗಳಿಗೆ ಮೂರು ದೇವರನಾಮ ಹಾಡುತ್ತಾಳೆ. ನಾವು ಟೀಚರನ್ನು ಬದಲಾಯಿಸಬೇಕಾ?
— ಒಬ್ಬ ತಾಯಿ, ಶಿಡ್ಲಘಟ್ಟ

ಉತ್ತರ: ಈ ಉತ್ತರ ಓದಿ ಮುಗಿಸುವ ತನಕವಾದರೂ ಬದಲಾಯಿಸಬೇಡಿ ತಾಯಿ.

ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಇದೆ ಅಂತ ಪತ್ರದಲ್ಲಿ ಬರೆದಿದ್ದೀರಿ. ಹಾಗಾದರೆ ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಗೂಡು ಬಿಸಿನೀರಲ್ಲಿ ಹದವಾಗಿ ಬೇಯಬೇಕು. ಬೇಯದ ಗೂಡಿಗೆ ಕೈ ಹಾಕಿದರೆ ಎಳೆ ಕಿತ್ತು ಕಿತ್ತು ಬರುತ್ತದೆ. ಆಮೇಲೆ ಗಂಟು ಹಾಕುತ್ತಾ ಕೂರಬೇಕು. ನನ್ನ ಹತ್ತಿರ ಹೀಗೆ ಗಂಟು ಹಾಕಿಸಿಕೊಳ್ಳಲು ವರ್ಷಕ್ಕೆ ನಾಲ್ಕೈದು ಮಕ್ಕಳು ಬರುತ್ತಾರೆ. ಹತ್ತು ದೇವರನಾಮ ಬಾಯಿಗೆ ಬರುತ್ತವೆ. ಶ್ರುತಿ, ಅಂದರೆ ಹಾಡಿಗೆ ಆಧಾರವಾಗಿ ಬಿಡದೆ ಮೊಳಗುವ ದನಿ, ಹಾಕಿ "ಸ ಹಿಡಿಯಮ್ಮ" ಅಂದರೆ ನನ್ನ ಮುಖ ನೋಡುತ್ತಾರೆ.

ನನಗೆ ಮೊದಲು ಪಾಠ ಹೇಳಿಕೊಟ್ಟ ಮೇಷ್ಟ್ರು ಕೋಲಾರದ ಕಡೆಯವರು, ದೇವಸ್ಥಾನದಲ್ಲಿ ನಾದಸ್ವರ ನುಡಿಸುತ್ತಿದ್ದರು. ವಾಲಗದಲ್ಲಿ ಒತ್ತು ಅಂತ ಒಂದು ವಾದ್ಯ ಇರುತ್ತಿತ್ತು. ನೋಡಲು ನಾದಸ್ವರದ ಹಾಗೇ, ಆದರೆ ಬೆರಳಾಡಿಸಲು ತೂತಿಲ್ಲ. ಬರುವುದು ಒಂದೇ ಸ್ವರ. ಕಲಿಯಲು ಬಂದ ಹುಡುಗರ ಕೈಗೆ ಮೊದಲು ಅದನ್ನೇ ಕೊಡುತ್ತಿದ್ದರಂತೆ. ಗುರುಗಳು ಗಂಟೆಗಟ್ಟಲೆ ರಾಗ ನುಡಿಸುತ್ತಿದ್ದರೆ ಹುಡುಗ ಪಕ್ಕದಲ್ಲಿ ಕೆನ್ನೆ ಊದಿಸಿಕೊಂಡು ಒಂದೇ ಸ್ವರ ಹಿಡಿದು ನಿಲ್ಲಬೇಕು. ಈಗ ಒತ್ತು ಹೋಗಿ ಶ್ರುತಿಪೆಟ್ಟಿಗೆ ಬಂದಿದೆ. "ಒತ್ತು ಊದುವಾಗ ಬೇಜಾರಾಗ್ತಿರಲಿಲ್ವಾ ಮೇಷ್ಟ್ರೇ?" ಅಂತ ಕೇಳಿದ್ದೆ. "ಮೊದಲ ಒಂದು ತಿಂಗಳು ಆಯ್ತು. ಆಮೇಲೆ ಗುರುಗಳು ಎಲ್ಲಿ ಹೋದರೂ ಮನೆಗೆ ಹೇಗೆ ವಾಪಸ್ ಬರ್ತಾರೆ ಅಂತ ನೋಡ್ತಾ ನಿಂತುಬಿಡ್ತಿದ್ದೆ" ಅಂದರು. ಮನೆ ಅಂದರೆ ಷಡ್ಜ, ಅದೇ ಸ. ನನ್ನ ವರಾಂಡದ ಪಾಠವೆಲ್ಲ ಆ ಒಂದು ಮಾತಿನ ಮೇಲೇ ನಡೆದುಕೊಂಡು ಬಂದಿದೆ.

ಮೊದಲ ಆರು ತಿಂಗಳು ನಾನೂ ಪುಸ್ತಕ ತೆಗೆಸುವುದಿಲ್ಲ. ಪುಸ್ತಕ ತೆರೆದ ಕೂಡಲೇ ಕಣ್ಣು ಕೆಲಸಕ್ಕೆ ಬರುತ್ತದೆ, ಕಿವಿ ರಜಾ ಹಾಕುತ್ತದೆ.

ಇನ್ನು ಆ ಸ ರಿ ಗ ಮ ವಿಚಾರ. ನಮ್ಮಲ್ಲಿ ಮೊದಲ ಪಾಠವಾದ ಸರಳೆ ವರಸೆ ಮಾಯಾಮಾಳವಗೌಳ ರಾಗದಲ್ಲಿ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಪರಂಪರೆಯ ನಂಬಿಕೆ. 72 ಮೇಳಕರ್ತಗಳಲ್ಲಿ, ಅಂದರೆ ಮೂಲ ರಾಗಗಳಲ್ಲಿ, ಇದು 15ನೆಯದು. ಇದನ್ನೇ ಯಾಕೆ ಮೊದಲು ಹೇಳಿಕೊಡುತ್ತಾರೆ ಅಂತ ಒಮ್ಮೆ ಹಾರ್ಮೋನಿಯಂ ಮೇಲೆ ನುಡಿಸಿ ನೋಡಿ. ಸ-ರಿ ಅಕ್ಕಪಕ್ಕ, ಗ-ಮ ಅಕ್ಕಪಕ್ಕ, ನಡುವೆ ದೊಡ್ಡ ಹಳ್ಳ. ಮೇಲೆ ಪ-ದ ಅಕ್ಕಪಕ್ಕ, ನಿ-ಸ ಅಕ್ಕಪಕ್ಕ, ಅಲ್ಲೂ ನಡುವೆ ಅಷ್ಟೇ ದೊಡ್ಡ ಹಳ್ಳ. ಕೆಳಗಿನ ಅರ್ಧ ಹೇಗೋ ಮೇಲಿನ ಅರ್ಧವೂ ಹಾಗೇ. ಅರ್ಧ ಸರಿಯಾಗಿ ಕಲಿತ ಮಗುವಿಗೆ ಇನ್ನರ್ಧ ತಾನಾಗಿಯೇ ಕೈಗೆ ಸಿಗುತ್ತದೆ. ಇದನ್ನೇ ಮೂರು ಕಾಲದಲ್ಲಿ ಹಾಡಬೇಕು: ಒಂದು ಎಣಿಕೆಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಆರು ವರ್ಷದ ಮಗುವಿಗೆ ಮೂರನೇ ಕಾಲ ಅಂದರೆ ಆಟವಲ್ಲ. ಎಂಟು ತಿಂಗಳು ಏನೂ ಜಾಸ್ತಿ ಆಗಲಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಶ್ರುತಿ ಹಾಕಿ ಮಗಳಿಗೆ ಸ ಹಿಡಿಯಲು ಹೇಳಿ. ಶ್ರುತಿ ನಿಲ್ಲಿಸಿ. ಊಟಕ್ಕೇನು ಮಾಡಲಿ, ಸ್ಕೂಲಲ್ಲಿ ಏನಾಯ್ತು ಅಂತ ಒಂದೆರಡು ನಿಮಿಷ ಮಾತಾಡಿಸಿ. "ಆಗಲೇ ಹಾಡಿದ ಸ ಇನ್ನೊಮ್ಮೆ ಹಾಡು" ಅನ್ನಿ. ಮತ್ತೆ ಶ್ರುತಿ ಹಾಕಿ. ಅದೇ ಜಾಗಕ್ಕೆ ಬಂದಿದ್ದರೆ, ಅಥವಾ ಹತ್ತಿರಕ್ಕೆ ಬಂದು ಶ್ರುತಿ ಕೇಳಿದ ಕೂಡಲೇ ತಾನೇ ಸರಿ ಮಾಡಿಕೊಂಡರೆ, ನಿಮ್ಮ ಟೀಚರಿಗೆ ಒಂದು ಡಜನ್ ಬಾಳೆಹಣ್ಣು ಕೊಟ್ಟು ಬನ್ನಿ.

ಆದರೆ ಒಂದು ಮಾತು ನಿಮ್ಮ ಪರವಾಗಿಯೂ ಹೇಳಬೇಕು. ಆರು ವರ್ಷದ ಕೂಸಿಗೆ ಎಂಟು ತಿಂಗಳಲ್ಲಿ ಒಂದೂ ಹಾಡು ಇಲ್ಲ ಅಂದರೆ ಅದೂ ಒಂಥರಾ ಉಪವಾಸವೇ. ನಾನು ಮೂರನೇ ವಾರಕ್ಕೇ ಎರಡು ಸಾಲಿನ ಪುಟ್ಟ ಹಾಡು ಕೊಡುತ್ತೇನೆ. ಸ್ವರ ಬರೆಸುವುದಿಲ್ಲ, ತಾಳ ಕೇಳುವುದಿಲ್ಲ. ನಾನು ಹಾಡಿದ್ದು ಕೇಳಿ ಅವರು ಹಾಡಬೇಕು ಅಷ್ಟೆ. "ಒಂದು ಚಿಕ್ಕ ಹಾಡು ಸೇರಿಸಿ ಮೇಡಂ" ಅಂತ ನೀವೂ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಪಕ್ಕದ ಮನೆಯ ಲೆಕ್ಕ ಮಾತ್ರ ಅಲ್ಲಿ ತೆಗೆಯಬೇಡಿ.

ಪ್ರಶ್ನೆ: ಮಗನ ಅಭ್ಯಾಸಕ್ಕೆ ತಂಬೂರಿ ಕೊಳ್ಳಬೇಕಾ, ಮೊಬೈಲ್ ಆ್ಯಪ್ ಸಾಕಾ? ಕ್ಲಾಸ್ ಬಿಟ್ಟು ಯೂಟ್ಯೂಬ್ ನೋಡಿ ಕಲಿತರೆ ಆಗುತ್ತದಾ?
— ಒಬ್ಬ ತಂದೆ, ಕೋಲಾರ

ಉತ್ತರ: ಆ್ಯಪ್ ಸಾಕು. ತಂಬೂರಿಯ ನಾಲ್ಕು ತಂತಿ ಶ್ರುತಿ ಮಾಡುವುದೇ ಒಂದು ವಿದ್ಯೆ, ಅದು ಮಗುವಿನ ಕೈಯಲ್ಲಿ ಆಗುವ ಕೆಲಸವಲ್ಲ. ಶ್ರುತಿ ಮಾಡದ ತಂಬೂರಿಗಿಂತ ಒಳ್ಳೆ ಆ್ಯಪ್ ಎಷ್ಟೋ ವಾಸಿ. ಆದರೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಸ ಸರಿಯಾಗಿ ಕೇಳುವುದಿಲ್ಲ. ಒಂದು ಸಾಧಾರಣ ಸ್ಪೀಕರ್ ಜೋಡಿಸಿ. ಮೊಬೈಲನ್ನು ಸ್ಟೀಲ್ ಪಾತ್ರೆಯಲ್ಲಿ ಇಡುವ ಉಪಾಯ ನನ್ನ ಶಿಷ್ಯರೂ ಮಾಡಿದ್ದಾರೆ. ಜೋರಾಗಿ ಕೇಳುತ್ತದೆ ನಿಜ, ಆದರೆ ತಂಬೂರಿ ಹೋಗಿ ತಟ್ಟೆ ಬಡಿದಂತಾಗುತ್ತದೆ. ಶ್ರುತಿಯ ಸದ್ದು ಹುಡುಗನ ದನಿಗಿಂತ ಒಂದು ಕೂದಲು ಕಡಿಮೆ ಇರಲಿ. ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ. ಜಂಟಿ ವರಸೆ ನಡುವೆ ಬ್ಯಾಂಕಿನವರ ಮೆಸೇಜ್ ಟಣ್ ಅನ್ನಬಾರದು.

ಯೂಟ್ಯೂಬಿನಲ್ಲಿ ದೊಡ್ಡವರ ಹಾಡು ಕೇಳಿಸಿ, ಎಷ್ಟು ಬೇಕಾದರೂ. ಕಲಿಯಲು ಅದು ಸಾಲದು. ಹುಡುಗ ಅದನ್ನು ಕೇಳುತ್ತಾನೆ, ಅದು ಹುಡುಗನನ್ನು ಕೇಳುವುದಿಲ್ಲವಲ್ಲ. ದಿನಾ ಹದಿನೈದು ನಿಮಿಷ ಕೂತು ಹಾಡಿದರೆ ಸಾಕು. ಭಾನುವಾರ ಒಂದೇ ದಿನ ಎರಡು ಗಂಟೆ ಬೇಡ.

ಪ್ರಶ್ನೆ: ನಾನು ಸೀನಿಯರ್ ಪರೀಕ್ಷೆ ಮುಗಿಸಿ ಈಗಷ್ಟೇ ಮನೆಯಲ್ಲಿ ಪಾಠ ಶುರು ಮಾಡಿದ್ದೇನೆ ಅಮ್ಮ. ಹನ್ನೆರಡು ಮಕ್ಕಳು. ಅದರಲ್ಲಿ ಒಬ್ಬ ಹುಡುಗ ಎಷ್ಟು ಹೇಳಿದರೂ ಶ್ರುತಿ ಸೇರುವುದಿಲ್ಲ. ಅವನು ಹಾಡಿದರೆ ಉಳಿದವರೂ ಕೆಡುತ್ತಾರೆ. ಅವರ ತಾಯಿಗೆ ಏನು ಹೇಳಲಿ?
— ಹೊಸ ಟೀಚರ್, ಗುಬ್ಬಿ

ಉತ್ತರ: ತಾಯಿಗೆ ಸದ್ಯಕ್ಕೆ ಏನೂ ಹೇಳಬೇಡಮ್ಮ. ಮೊದಲು ನನ್ನ ಕಥೆ ಕೇಳು.

ಪಾಠ ಶುರು ಮಾಡಿದ ಎರಡನೇ ವರ್ಷ. ಎಂಟು ವರ್ಷದ ಒಬ್ಬ ಹುಡುಗ ಬರುತ್ತಿದ್ದ. ಅವರಪ್ಪ ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುತ್ತಿದ್ದರು. ಹುಡುಗನದ್ದೂ ಅಪ್ಪನ ಹಾಗೇ ದಪ್ಪ ದನಿ. ನನ್ನ ಶ್ರುತಿ ಐದೂವರೆ ಮನೆ. ಇಲ್ಲಿ ಮನೆ ಅಂದರೆ ಹಾರ್ಮೋನಿಯಂ ಕೀಲಿ; ಸಂಖ್ಯೆ ಜಾಸ್ತಿಯಾದಷ್ಟೂ ಶ್ರುತಿ ಎತ್ತರ. ನಾನು ಹಾಡುವ ಮನೆಯಲ್ಲೇ ಎಲ್ಲರೂ ಹಾಡಬೇಕು ಅಂತ ಆಗ ನನ್ನ ಲೆಕ್ಕ. ಆ ಹುಡುಗ ಮಾತ್ರ ಯಾವಾಗಲೂ ಕೆಳಗೆಲ್ಲೋ ಗುನುಗುತ್ತಿದ್ದ. ಅಷ್ಟರಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಪ್ರಾರ್ಥನೆ ಹಾಡಿಸಬೇಕಾಗಿ ಬಂತು. ಹಿಂದಿನ ದಿನ ಅವನನ್ನು ಪಕ್ಕಕ್ಕೆ ಕರೆದು, "ನೀನು ಸುಮ್ನೆ ಬಾಯಿ ಆಡಿಸು ಪುಟ್ಟ, ದನಿ ಬಿಡಬೇಡ" ಅಂದೆ. ತಲೆ ಆಡಿಸಿದ. ಹಾಗೇ ಮಾಡಿದ. ಮುಂದಿನ ವಾರದಿಂದ ಬರಲಿಲ್ಲ. ನಾನೂ ಯಾಕೆ ಅಂತ ವಿಚಾರಿಸಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಸಮಾಧಾನ ಆಗಿತ್ತು.

ಆರು ವರ್ಷದ ಹಿಂದೆ ಒಬ್ಬರು ಮಗಳನ್ನು ಸೇರಿಸಲು ಬಂದರು. ಗುರುತು ಸಿಗಲಿಲ್ಲ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಮೇಡಂ, ಇವಳಿಗೆ ಬಾಯಿ ಆಡಿಸು ಅನ್ನಬೇಡಿ" ಅಂದರು. ನಗುತ್ತಲೇ ಅಂದರು. ನನಗೆ ನಗಲು ಆಗಲಿಲ್ಲ. ಮರುವಾರ ಮಗಳನ್ನು ಕರೆದುಕೊಂಡು ಹೋಗಲು ಬಂದಾಗ ಗೇಟಿನ ಹತ್ತಿರ ಏನೋ ಗುನುಗುತ್ತಾ ನಿಂತಿದ್ದರು. ಒಳಗೆ ಶ್ರುತಿ ಹಾಕಿತ್ತು. ಅವರ ಗುನುಗು ನಮ್ಮ ಪಂಚಮಕ್ಕೆ, ಅಂದರೆ ಪ ಸ್ವರಕ್ಕೆ, ಸರಿಯಾಗಿ ಕೂತಿತ್ತು. ಅಂದರೆ ಕಿವಿ ಇತ್ತು. ಅವತ್ತೂ ಇತ್ತು.

ಅದಕ್ಕೇ ನಿನ್ನ ಹುಡುಗನ ವಿಷಯದಲ್ಲಿ ಅವಸರ ಬೇಡ. ನಾನು ಈಗ ಹೀಗೆ ಮಾಡುತ್ತೇನೆ. ಮಗುವನ್ನು ಒಬ್ಬನೇ ಇರುವಾಗ ಕೂರಿಸಿಕೊಂಡು, ದೂರದಲ್ಲಿರುವ ಅಮ್ಮನನ್ನು ಕರೆಯಲು ಹೇಳುತ್ತೇನೆ. "ಅಮ್ಮಾ..." ಅಂತ ಎಳೆಯಬೇಕು. ಆ ಎಳೆದ "ಮಾ" ಎಲ್ಲಿದೆ ಅಂತ ಹಾರ್ಮೋನಿಯಂ ಮೇಲೆ ನಾನು ಹುಡುಕುತ್ತೇನೆ. ಅವತ್ತಿಗೆ ಅದೇ ಅವನ ಷಡ್ಜ. ನಾಲ್ಕನೇ ಮನೆಯಾದರೆ ನಾಲ್ಕು, ಮೂರಾದರೆ ಮೂರು. ನಾನೇ ಇಳಿದು ಅವನ ಮನೆಗೆ ಹೋಗಿ ಹಾಡುತ್ತೇನೆ. ತನ್ನ ದನಿ ಮತ್ತು ಪೆಟ್ಟಿಗೆಯ ದನಿ ಒಂದಾದಾಗ ಮಗುವಿನ ಮುಖ ನೋಡಬೇಕು ನೀನು. ಕೆಲವರು ಗಾಬರಿಯಾಗಿ ಹಾಡುವುದನ್ನೇ ನಿಲ್ಲಿಸುತ್ತಾರೆ! ದನಿ ಎಲ್ಲೋ ಕಳೆದುಹೋಯಿತು ಅನ್ನಿಸುತ್ತದೆ ಅವರಿಗೆ. ಶ್ರುತಿ ಸೇರುವುದು ಅಂದರೆ ಇದೇ ಕಣೋ ಅಂತ ಆಗ ಹೇಳಬೇಕು. ಒಂದು ಸಲ ಆ ರುಚಿ ಹತ್ತಿದರೆ ವಾರಕ್ಕೋ ಹದಿನೈದು ದಿನಕ್ಕೋ ಅರ್ಧ ಅರ್ಧ ಮನೆ ಮೇಲೆ ಕರೆದುಕೊಂಡು ಹೋಗಬಹುದು.

ಇನ್ನೂ ಕೆಲವು ಸಣ್ಣ ಉಪಾಯಗಳಿವೆ. ಅವನನ್ನು ಶ್ರುತಿಯಾಗಿ ಹಾಡುವ ಇಬ್ಬರ ನಡುವೆ ಕೂರಿಸು, ಕೊನೆಯಲ್ಲಿ ಬೇಡ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಹಾಡಲು ಹೇಳು, ತನ್ನ ದನಿ ತನಗೆ ಕೇಳುತ್ತದೆ. ಕಿರುಚಲು ಬಿಡಬೇಡ. "ಜೋರಾಗಿ ಹಾಡು" ಅನ್ನುವುದು ನಮ್ಮ ಕಡೆ ಮಕ್ಕಳಿಗೆ ಎಲ್ಲರೂ ಹೇಳುವ ಮಾತು. ಕಿರುಚುವವನಿಗೆ ಪಕ್ಕದವನೂ ಕೇಳುವುದಿಲ್ಲ, ಶ್ರುತಿಯೂ ಕೇಳುವುದಿಲ್ಲ. ಇನ್ನೊಂದು, ಮಕ್ಕಳಿಗೆ ದೊಡ್ಡವರ ದನಿಗಿಂತ ಮಕ್ಕಳ ದನಿ ಹಿಡಿಯುವುದು ಸುಲಭ. ಗಂಡಸು ಮೇಷ್ಟ್ರು ಕೆಳಗಿನ ಸ್ಥಾಯಿಯಲ್ಲಿ ಹಾಡಿ ತೋರಿಸಿದರೆ ಎಷ್ಟೋ ಮಕ್ಕಳು ಆ ತಗ್ಗಿಗೇ ಇಳಿಯಲು ಹೋಗಿ ಮುಗ್ಗರಿಸುತ್ತಾರೆ. ಹಾಗಾಗಿ ಒಂದು ಮಗುವಿನಿಂದ ಹಾಡಿಸಿ ಇನ್ನೊಂದು ಮಗುವಿಗೆ ಕೇಳಿಸು.

ದನಿ ಯಾವಾಗಲೂ ಒಡಕಾಗಿ, ಗೊಗ್ಗರಾಗಿ ಇದ್ದರೆ ಅದು ಬೇರೆ ಮಾತು. ನೆಗಡಿ ಇಲ್ಲದೆ ಎರಡು ಮೂರು ವಾರ ಹಾಗೇ ಇದ್ದರೆ ಗಂಟಲಿನ ಡಾಕ್ಟರ ಹತ್ತಿರ ತೋರಿಸಲು ತಾಯಿಗೆ ಹೇಳು. ಕೂಗಿ ಕೂಗಿ ಗಂಟಲ ತಂತುಗಳ ಮೇಲೆ ಸಣ್ಣ ಗಂಟು ಬರುವುದುಂಟು.

ನಿಮ್ಮದು ಗುಬ್ಬಿ ಅಂತ ನೋಡಿ ಸಂತೋಷ ಆಯಿತು. ಗುಬ್ಬಿ ವೀರಣ್ಣನವರ ಕಂಪನಿಯ ಊರು. ಮೈಕ್ ಇಲ್ಲದ ಕಾಲದಲ್ಲಿ ಕಂಪನಿ ನಾಟಕದ ನಟರು ಕೊನೆ ಸಾಲಿನವರಿಗೂ ಕೇಳಬೇಕು ಅಂತ ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. ಅದು ರಂಗದ ಅಗತ್ಯ. ನಿನ್ನ ಮನೆಯಲ್ಲಿ ಕೊನೆ ಸಾಲು ಅಂದರೆ ಬಾಗಿಲ ಹತ್ತಿರದ ಚಾಪೆ ತಾನೇ. ಅಲ್ಲಿಗೆ ಎಷ್ಟು ದನಿ ಬೇಕೋ ಅಷ್ಟೇ ಸಾಕು.

ಪ್ರಶ್ನೆ: ಮಗಳು ಬಾಯಲ್ಲಿ ಹಾಡಿದರೆ ಕೈ ನಿಲ್ಲುತ್ತದೆ, ಕೈ ಹಾಕಿದರೆ ಬಾಯಿ ನಿಲ್ಲುತ್ತದೆ. ತಾಳ ಬರುವುದೇ ಇಲ್ಲ. ಏನು ಮಾಡುವುದು?
— ಒಬ್ಬ ತಾಯಿ, ಚಿಕ್ಕಬಳ್ಳಾಪುರ

ಉತ್ತರ: ಕೈ ಬಿಡಿ, ಕಾಲಿಗೆ ಕೊಡಿ. ವಯಸ್ಸು ಬರೆದಿಲ್ಲ ನೀವು, ಆದರೂ ಏಳೆಂಟರ ಒಳಗೇ ಇರಬೇಕು ಅಂದುಕೊಳ್ಳುತ್ತೇನೆ.

ಆದಿತಾಳಕ್ಕೆ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ. ಮೊದಲು ನಾಲ್ಕರ ಲಘು: ಒಂದು ಪೆಟ್ಟು, ಆಮೇಲೆ ಕಿರುಬೆರಳಿಂದ ಶುರು ಮಾಡಿ ಮೂರು ಬೆರಳೆಣಿಕೆ. ಆಮೇಲೆ ಎರಡು ದ್ರುತ: ಪೆಟ್ಟು, ಹುಸಿ (ಅಂಗೈ ಮೇಲಕ್ಕೆ ತಿರುಗಿಸುವುದು); ಪೆಟ್ಟು, ಹುಸಿ. ನಮಗೆ ಸುಲಭ. ಪುಟ್ಟ ಕೈಗೆ ಬೆರಳು ಎಣಿಸುವುದೇ ಒಂದು ಲೆಕ್ಕದ ಪರೀಕ್ಷೆ, ಅದರ ಮೇಲೆ ಹಾಡು ಬೇರೆ.

ನಾನು ವರಾಂಡದಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆ ಬರೆಯುತ್ತೇನೆ. ನಾಲ್ಕು ಮನೆ ಉದ್ದಕ್ಕೆ, ಆಮೇಲೆ ಎರಡೆರಡು ಮನೆ ಅಕ್ಕಪಕ್ಕ. ಉದ್ದದ ನಾಲ್ಕು ಮನೆ ಲಘು. ಅಕ್ಕಪಕ್ಕದ ಎರಡರಲ್ಲಿ ಮೊದಲನೆಯದಕ್ಕೆ ಕಾಲು ಊರಬೇಕು, ಎರಡನೆಯದರ ಮೇಲೆ ಕಾಲು ಗಾಳಿಯಲ್ಲೇ ಇರಬೇಕು. ಅದು ಹುಸಿ. ಕುಣಿಯುತ್ತಾ ಸ ರಿ ಗ ಮ ಹೇಳಬೇಕು. ಮನೆ ತಪ್ಪಿದರೆ ಔಟ್. ಹದಿನೈದು ದಿನ ಹೀಗೆ ಕುಣಿದ ಮಗುವಿಗೆ "ಈಗ ಕೂತ್ಕೊಂಡು ಕೈಯಲ್ಲಿ ಹಾಕು" ಅಂದರೆ ಸಲೀಸಾಗಿ ಹಾಕುತ್ತದೆ. ಪಕ್ಕದ ಮನೆಯವರು ಮಾತ್ರ "ನಿಮ್ಮಲ್ಲಿ ಸಂಗೀತ ಪಾಠವೋ ಕುಣಿತವೋ?" ಅಂತ ಕೇಳುತ್ತಾರೆ. ಕೇಳಲಿ ಬಿಡಿ.

ತಾಳದಲ್ಲಿ ಜಾತಿ ಅಂದರೆ ಮೂರು, ನಾಲ್ಕು, ಐದು ಹೀಗೆ ಎಣಿಕೆಯ ಗುಂಪು. ಆ ಲೆಕ್ಕಕ್ಕೆ ನನ್ನ ಮಕ್ಕಳಿಗೆ ಅಡುಗೆ ಮನೆಯ ಡಬ್ಬಿಗಳೇ ಪುಸ್ತಕ. ಮೂರಕ್ಕೆ "ತಕಿಟ" ಅಂದರೆ "ಹುರುಳಿ". ನಾಲ್ಕಕ್ಕೆ "ತಕದಿಮಿ", ಅದು "ಅಲಸಂದೆ". ಐದಕ್ಕೆ "ಅವರೆಕಾಯಿ", ನಮ್ಮ ಕಡೆ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಏಳು ಬೇಕಾದರೆ "ಹುರುಳಿ ಅಲಸಂದೆ", ಮೂರು ಮತ್ತು ನಾಲ್ಕು, "ತಕಿಟ ತಕದಿಮಿ". ಮಿಶ್ರ ಗತಿ ಅಂತ ದೊಡ್ಡ ಹೆಸರು ಹೇಳಿ ಹೆದರಿಸುವುದಕ್ಕಿಂತ ಇದು ವಾಸಿ. ಹೆಸರು ಆಮೇಲೆ ತಾನಾಗಿ ಬರುತ್ತದೆ.

ಪ್ರಶ್ನೆ: ಮನೆಯಲ್ಲಿ ನಾವು ಮಾತಾಡುವುದು ತೆಲುಗು. ಮೊಮ್ಮಗ ಓದುವುದು ಇಂಗ್ಲಿಷಿನಲ್ಲಿ. ಸಂಗೀತದಲ್ಲಿ ಕನ್ನಡ ಗೀತೆ, ದೇವರನಾಮ ಹೇಳಿಕೊಡುತ್ತಾರೆ. ಅವನಿಗೆ ಅರ್ಥವೇ ತಿಳಿಯದು. ಅರ್ಥ ಗೊತ್ತಿಲ್ಲದೆ ಹಾಡಿ ಏನು ಪ್ರಯೋಜನ?
— ಒಬ್ಬ ಅಜ್ಜ, ಮುಳಬಾಗಿಲು

ಉತ್ತರ: ಅರ್ಥ ಹೇಳದೆ ಹಾಡಿಸಬಾರದು ಅನ್ನುವುದಕ್ಕೆ ನಾನೂ ನಿಮ್ಮ ಜೊತೆ ಇದ್ದೇನೆ ತಾತ. ಆದರೆ ಬೇರೆ ಊರಿನವರು ಕೇಳಿದ್ದರೆ ಸರಿ, ಮುಳಬಾಗಿಲಿನವರು ಕೇಳಿದರೆ ಹೇಗೆ? ನಿಮ್ಮೂರ ಪಕ್ಕ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನ ಇದೆ. ದೇವರನ್ನು ಕನ್ನಡದಲ್ಲಿ ಹಾಡಬಹುದು ಅಂತ 15ನೇ ಶತಮಾನದಲ್ಲೇ ತೋರಿಸಿಕೊಟ್ಟವರು ಅವರು. ಅವರ ಹತ್ತಿರ ಓದಿದವರು ವ್ಯಾಸರಾಯರು. ವ್ಯಾಸರಾಯರ ಶಿಷ್ಯರು ಪುರಂದರದಾಸರು. ನಿಮ್ಮ ಮೊಮ್ಮಗ ಇವತ್ತು ಹಾಡುವ ಸರಳೆ ವರಸೆಯ ದಾರಿ ಹಿಡಿದು ಹಿಂದಕ್ಕೆ ಹೋದರೆ ನಿಮ್ಮ ಊರ ಬಾಗಿಲಿಗೇ ಬಂದು ನಿಲ್ಲುತ್ತೀರಿ. ಒಂದು ಸಂಜೆ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಇದನ್ನೇ ತೆಲುಗಿನಲ್ಲಿ ಹೇಳಿ.

ತೆಲುಗು ಬರುವುದು ಅವನಿಗೆ ಲಾಭವೇ. ನಾಳೆ ತ್ಯಾಗರಾಜರ ಕೃತಿಗಳಿಗೆ ಬಂದಾಗ ಬೆಂಗಳೂರಿನ ಮಕ್ಕಳು ಅರ್ಥಕ್ಕೆ ಪುಸ್ತಕ ಹುಡುಕುತ್ತಾರೆ, ನಿಮ್ಮ ಮೊಮ್ಮಗ ಅಜ್ಜಿಯನ್ನು ಕೇಳುತ್ತಾನೆ. ನಮ್ಮ ತಾಲ್ಲೂಕಿನ ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಕೀರ್ತನೆ ಮಾಡಿದವರು. ಗುರುಪೂರ್ಣಿಮೆಗೆ ಕೈವಾರದಲ್ಲಿ ಹಗಲು ರಾತ್ರಿ ಸಂಗೀತ ನಡೆಯುತ್ತದೆ. ಪ್ರತಿ ವರ್ಷ ನನ್ನ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಹಿಂದೆ ಕೂರಿಸಿ ತಾಳ ಹುಡುಕಲು ಹೇಳುತ್ತೇನೆ. ಅರ್ಧ ಜನ ನನ್ನ ಮಡಿಲಲ್ಲೇ ನಿದ್ದೆ ಹೋಗುತ್ತಾರೆ. ನಿದ್ದೆಯಲ್ಲೂ ಒಂದು ಪುಟ್ಟ ಬೆರಳು ಎಣಿಸುತ್ತಿದ್ದುದನ್ನು ಒಂದು ಸಲ ನೋಡಿದ್ದೇನೆ.

ಅರ್ಥದ ಬಗ್ಗೆ ಇನ್ನೊಂದು ಹೇಳಬೇಕು. ಮಾಯಾಮಾಳವಗೌಳ ಆದ ಮೇಲೆ ಮಲಹರಿ ರಾಗದಲ್ಲಿ ಗೀತೆಗಳು ಬರುತ್ತವೆ. ಮಲಹರಿಯಲ್ಲಿ ನಿಷಾದ (ನಿ) ಇಲ್ಲ, ಏರುವಾಗ ಗಾಂಧಾರವೂ (ಗ) ಇಲ್ಲ. ಉಳಿದದ್ದೆಲ್ಲ ಮಗುವಿಗೆ ಗೊತ್ತಿರುವ ಸ್ವರಗಳೇ. ಅಂಥ ಒಂದು ಗೀತೆ ಪುರಂದರದಾಸರ "ಕೆರೆಯ ನೀರನು ಕೆರೆಗೆ ಚೆಲ್ಲಿ". ಇದನ್ನು ಹೇಳಿಕೊಡುವಾಗ ಒಂದು ವರ್ಷ ಒಬ್ಬಳು ಹುಡುಗಿ, "ಕೆರೆಯಲ್ಲಿ ನೀರು ಇರುತ್ತಾ ಮೇಡಂ?" ಅಂತ ಕೇಳಿದಳು. ಕನ್ನಡ ಚೆನ್ನಾಗಿ ಬರುವ ಹುಡುಗಿ. ತಪ್ಪು ಅವಳದ್ದಲ್ಲ. ಅವಳು ಹುಟ್ಟಿದಾಗಿಂದ ನೋಡಿದ ಕೆರೆ ಅಂದರೆ ಜಾಲಿ ಬೆಳೆದ ಬಯಲು, ನಡುವೆ ಕ್ರಿಕೆಟ್ ಪಿಚ್ಚು. 2021ರ ಮಳೆಗೆ ನಮ್ಮ ಕಡೆ ಕೆರೆಗಳು ತುಂಬಿದಾಗ ಎಲ್ಲರನ್ನೂ ಆಟೋದಲ್ಲಿ ಕರೆದುಕೊಂಡು ಹೋದೆ. ಬೊಗಸೆಯಲ್ಲಿ ನೀರು ಎತ್ತಿ ಮತ್ತೆ ಕೆರೆಗೇ ಬಿಡಿಸಿದೆ. ಅವತ್ತು ಪಾಠ ಅಷ್ಟೇ. ಚಪ್ಪಲಿ ಎಲ್ಲ ಕೆಸರಾಗಿ ತಾಯಂದಿರಿಂದ ಬೈಸಿಕೊಂಡೆ.

ಪ್ರಶ್ನೆ: ಒಂಬತ್ತು ವರ್ಷದ ಮಗಳನ್ನು ಟಿವಿ ಹಾಡಿನ ಸ್ಪರ್ಧೆಯ ಆಡಿಷನ್‌ಗೆ ಕಳಿಸಲೇ?
— ತುಮಕೂರಿನ ಓದುಗರು

ಉತ್ತರ: ಅವಳೇ ಕೇಳಿದಳಾ, ನೀವೇ ಹೇಳಿದಿರಾ? ಅವಳೇ ಕೇಳಿದ್ದರೆ ಒಂದು ಸಲ ಹೋಗಿ ಬನ್ನಿ, ದಾರಿಯಲ್ಲಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಿ. ಆಯ್ಕೆ ಆಗದಿದ್ದರೆ ಇಡ್ಲಿ ತಿಂದು ಬಂದ ಲೆಕ್ಕ. ನೀವೇ ಹೇಳಿದ್ದಾದರೆ ಎರಡು ವರ್ಷ ಬಿಟ್ಟು ಕೇಳಿ. ಎರಡಕ್ಕೂ ಒಂದೇ ಷರತ್ತು: ಸ್ಪರ್ಧೆಗೆ ಅಂತ ಅವಳ ಶ್ರುತಿಯನ್ನು ಎರಡು ಮನೆ ಏರಿಸಿ ಕಿರುಚಿಸಬೇಡಿ.

ಪ್ರಶ್ನೆ: ಮಿಸ್, ನನಗೆ 13 ವರ್ಷ. ಆರು ವರ್ಷದಿಂದ ಸಂಗೀತ ಕಲಿಯುತ್ತಿದ್ದೇನೆ. ಮೂರು ತಿಂಗಳಿಂದ ನನ್ನ ದನಿ ಹಾಳಾಗಿದೆ. ಮೇಲಿನ ಸ ಹಾಡಿದರೆ ಕೀಚ್ ಅನ್ನುತ್ತದೆ. ಹುಡುಗಿಯರು ನಗುತ್ತಾರೆ. ಸಂಗೀತ ಬಿಡಬೇಕಾ?
— ಒಬ್ಬ ಹುಡುಗ, ಗೌರಿಬಿದನೂರು

ಉತ್ತರ: ದನಿ ಹಾಳಾಗಿಲ್ಲ ಮಗು, ಬೆಳೆಯುತ್ತಿದೆ. ನಿನ್ನ ಪ್ಯಾಂಟು ಗಿಡ್ಡ ಆಗುತ್ತಿಲ್ವಾ? ಹಾಗೇ ಗಂಟಲಿನ ಒಳಗಿನ ದನಿಪೆಟ್ಟಿಗೆಯೂ ದೊಡ್ಡದಾಗುತ್ತಿದೆ. ತಂತಿ ಉದ್ದ ಆದರೆ ಸ್ವರ ಕೆಳಗೆ ಇಳಿಯುತ್ತದೆ, ವೀಣೆಯಲ್ಲಿ ನೋಡಿರುತ್ತೀಯಲ್ಲ. ಹುಡುಗರ ದನಿ ಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ ಸ ಇಂದ ಕೆಳಗಿನ ಸ ತನಕ, ಇಳಿಯುತ್ತದೆ. ಹೊಸ ತಂತಿಯ ಅಳತೆ ನಿನಗಿನ್ನೂ ರೂಢಿಯಾಗಿಲ್ಲ, ಅದಕ್ಕೇ ಕೀಚ್.

ಬಿಡಬೇಡ. ನಿನ್ನ ಟೀಚರಿಗೆ ಈ ಪುಟ ತೋರಿಸು. ಹಳೆಯ ಶ್ರುತಿಯಲ್ಲಿ ಹಟ ಹಿಡಿದು ಹಾಡಬೇಡ. ಎಲ್ಲಿ ಮಾತಾಡಿದಷ್ಟು ಸಲೀಸಾಗಿ ಬರುತ್ತದೋ ಆ ಮನೆಯಲ್ಲಿ, ನಡುವಿನ ನಾಲ್ಕೈದು ಸ್ವರ ಮಾತ್ರ, ಮೆಲ್ಲಗೆ, ದಿನಕ್ಕೆ ಹತ್ತು ನಿಮಿಷ ಹಾಡು. ತಿಂಗಳಿಗೊಮ್ಮೆ ಮನೆ ಬದಲಾದರೂ ಆಗಲಿ. ನೋವು ಬಂದರೆ ನಿಲ್ಲಿಸು. ಉಳಿದ ಹೊತ್ತಿಗೆ ಬೇರೆ ಕೆಲಸ ಇದೆ. ಏಳು ಅಲಂಕಾರಗಳ (ಏಳು ತಾಳಗಳಲ್ಲಿ ಕೂರಿಸಿದ ಸ್ವರದ ಪಾಠಗಳು) ತಾಳ ಮೂರು ಕಾಲದಲ್ಲಿ ಕೈಗೆ ಬಂದಿದೆಯಾ? ಧ್ರುವತಾಳದ 14 ಅಕ್ಷರ ತಪ್ಪದೆ ಹಾಕುತ್ತೀಯಾ? ಒಂದು ಕೃತಿ ಕೇಳಿ ಅದರ ಸ್ವರ ಬರೆಯಬಲ್ಲೆಯಾ? ನನ್ನ ಶಿಷ್ಯನೊಬ್ಬ ಈ ಸಮಯದಲ್ಲಿ ಮೃದಂಗಕ್ಕೆ ಕೂತ. ದನಿ ವಾಪಸ್ ಬರುವಷ್ಟರಲ್ಲಿ ಅವನ ಲಯ ಎಷ್ಟು ಗಟ್ಟಿಯಾಗಿತ್ತು ಅಂದರೆ, ಈಗ ಅವನು ಹಾಡುವಾಗ ನನಗೇ ತಾಳ ತಪ್ಪುವ ಭಯ.

ನಗುವ ಹುಡುಗಿಯರಿಗೆ ಒಂದು ಕಾಗದ ಬರೆಯೋಣ ಅಂತಿದ್ದೆ. ಬೇಡ ಬಿಡು, ನೀನೂ ನಕ್ಕುಬಿಡು.

ಪ್ರಶ್ನೆ: ಸಂಗೀತ ಕ್ಲಾಸಿಗೆ ಹೋಗದೇ ಇರೋದಕ್ಕೆ ಒಂದು ಒಳ್ಳೆ ಕಾರಣ ಹೇಳಿ ಮೇಡಂ. ಹೊಟ್ಟೆನೋವು ಆಗಲೇ ಹೇಳಿ ಆಗಿದೆ.
— ನಾಲ್ಕನೇ ಕ್ಲಾಸ್ ವಿದ್ಯಾರ್ಥಿ (ಊರು ಬರೆಯಬೇಡಿ ಅಂತ ಕೇಳಿಕೊಂಡಿದ್ದಾನೆ)

ಉತ್ತರ: ಕ್ಲಾಸು ಶನಿವಾರ ಸಂಜೆ ನಾಲ್ಕಕ್ಕೆ, ಕ್ರಿಕೆಟ್ಟೂ ಅಷ್ಟೊತ್ತಿಗೇ ಅಂತ ಪತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೀಯ. ಅದೇ ಒಳ್ಳೆ ಕಾರಣ ಅಲ್ವಾ, ಹೊಟ್ಟೆನೋವು ಯಾಕೆ? ಕೆಳಗಿನ ಸಾಲನ್ನು ಕತ್ತರಿಸಿ ಅಮ್ಮನಿಗೆ ಕೊಡು.

ಅಮ್ಮಾ, ಇವನ ಕ್ಲಾಸನ್ನು ಭಾನುವಾರ ಬೆಳಿಗ್ಗೆಗೆ ಹಾಕಿಸಿ. ಬ್ಯಾಟು ಹೊರಗೆ ಗೋಡೆಗೆ ಒರಗಿಸಿಟ್ಟು ಒಳಗೆ ಬರಲಿ.